ಧರ್ಮಕ್ಕೆ ಕೊಟ್ಟ ದಟ್ಟಿ: ಮೊಳ ಹಾಕುವವರು ಯಾರು?

ಪೇಟೆ ಬೀದಿಯ ಅಂಗಡಿಗಳಲ್ಲಿ ಈಗ ಹೊಸದೊಂದು ತಕರಾರು ಕೇಳಿಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲು ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅನೇಕ ಹಳೆಯ ಯಂತ್ರಗಳು ಅದರ ಷರತ್ತಿಗೆ ಒಗ್ಗುವುದಿಲ್ಲ. ದೊಡ್ಡ ಆಫೀಸುಗಳು ಹೊರಹಾಕಿದ ಇಂಥ ಕಂಪ್ಯೂಟರುಗಳು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೈ ಬದಲಾಯಿಸಿ, ಹೊಟ್ಟೆಗೆ ಲಿನಕ್ಸ್ ತುಂಬಿಸಿಕೊಂಡು, ಕಿರಾಣಿ ಅಂಗಡಿ, ಮೆಡಿಕಲ್ ಷಾಪು, ಝೆರಾಕ್ಸ್ ಅಂಗಡಿಗಳ ಮೇಜಿನ ಮೇಲೆ ಬಂದು ಕೂರುತ್ತವೆ.

ಮಾರುವವನ ಮುಂದೆ ಹಸುವಿನ ಹಾಗೆ ಓಡಾಡಿದ ಯಂತ್ರ ಅಂಗಡಿಗೆ ಬಂದ ಮೇಲೆ ಮೊಂಡು ಹಿಡಿಯುತ್ತದೆ. ಬಿಲ್ ಪ್ರಿಂಟರ್ ಕನ್ನಡ ಅಕ್ಷರದ ಬದಲು ಚೌಕ ಚೌಕ ಹೊಡೆಯುತ್ತದೆ. ಸಂಜೆ ಗಿರಾಕಿಗಳು ಸಾಲು ನಿಂತ ಹೊತ್ತಿಗೇ ಪರದೆ ಸ್ತಬ್ಧ. ಕೇಳಲು ಹೋದರೆ ಸಿದ್ಧ ಉತ್ತರ: "ಅದು ಫ್ರೀ ಸಾಫ್ಟ್‌ವೇರ್ ಸಾರ್. ಯಾರೋ ಫಾರಿನ್ನಲ್ಲಿ ಬರ್ದಿರೋದು. ಅದಕ್ಕೆ ನಾವೇನ್ ಮಾಡಕ್ಕಾಗುತ್ತೆ?"

ಕಾಸು ಎಣಿಸಿಕೊಳ್ಳುವಾಗ ಇಲ್ಲದ ಫಾರಿನ್, ದೂರು ಬಂದಾಗ ಎಲ್ಲಿಂದ ಬಂತು?

ಬರೆದವರ ಪಾಲೆಷ್ಟು?

ಮುಕ್ತ ತಂತ್ರಾಂಶ ಎಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಅಂಥದ್ದು. ಅದು ಹಂಚಿಕೆಯಾಗುವ ಜಿ.ಪಿ.ಎಲ್. ಎಂಬ ಪರವಾನಗಿಯಲ್ಲಿ ಮುಚ್ಚುಮರೆಯಿಲ್ಲ. ಕಾನೂನು ಬಿಟ್ಟಷ್ಟು ಮಟ್ಟಿಗೆ ಇದಕ್ಕೆ ಯಾವ ಗ್ಯಾರಂಟಿಯೂ ಇಲ್ಲ, ಕೆಟ್ಟರೆ ರಿಪೇರಿ ಖರ್ಚು ಬಳಸುವವನದೇ ಎಂದು ಅದು ನೇರವಾಗಿ ಹೇಳುತ್ತದೆ. ಆದರೆ ಅದೇ ಪರವಾನಗಿಯಲ್ಲಿ ಇನ್ನೊಂದು ಮಾತೂ ಇದೆ: ಪ್ರತಿ ಹಂಚುವವನು ಬೇಕಾದರೆ ಹಣ ಪಡೆದು ತಾನೇ ಗ್ಯಾರಂಟಿ ಕೊಡಬಹುದು. ಮಾರುವವರು ಮೊದಲನೆಯ ಮಾತನ್ನು ಬಾಯಿಪಾಠ ಮಾಡಿದ್ದಾರೆ, ಎರಡನೆಯದನ್ನು ಓದಿಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಪುಕ್ಕಟೆ ಕೊಟ್ಟವನ ದಟ್ಟಿಗೆ ಮೊಳ ಹಾಕುವುದು ತಪ್ಪೇ ಇರಬಹುದು. ಅದೇ ದಟ್ಟಿಯನ್ನು ಸಂತೆಗೆ ತಂದು ಕಾಸಿಗೆ ಮಾರಿದರೆ? ಆಗ ಮೊಳ ಹಾಕದೆ ಕೊಂಡವನೇ ಪೆದ್ದ.

ಬರೆದವರಿಗೆ ಹೊಣೆಯೇ ಇಲ್ಲವೆಂದಲ್ಲ. ಯಾವ ಯಂತ್ರದಲ್ಲಿ ಓಡುತ್ತದೆ, ಯಾವುದರಲ್ಲಿ ಓಡುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕು. ಉಬುಂಟುವಿನವರು 2017ರಲ್ಲಿ ಹಳೆಯ 32 ಬಿಟ್ ಕಂಪ್ಯೂಟರುಗಳಿಗೆ ಡೆಸ್ಕ್‌ಟಾಪ್ ಪ್ರತಿ ಕೊಡುವುದನ್ನು ನಿಲ್ಲಿಸಿದರು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅಂಥ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ಪ್ರತಿ ಕೊಡಲಿಲ್ಲ. ಇಬ್ಬರೂ ಹೇಳಿಯೇ ಕೈಬಿಟ್ಟರು. ಅಷ್ಟು ಮಾಡಿದರೆ ಅವರ ಧರ್ಮ ತೀರಿತು.

ಅಗ್ಗದ ಯಂತ್ರಕ್ಕೇ ಏಕೆ ಕಾಟ?

ತಂತ್ರಾಂಶ ಬರೆಯುವವರ ಮೇಜಿನ ಮೇಲಿರುವ ಯಂತ್ರಕ್ಕೆ 16 ಜಿ.ಬಿ. ಮೆಮೊರಿ ಇದ್ದರೆ, ಅಂಗಡಿಯ ಹಳೆಯ ಯಂತ್ರಕ್ಕೆ 2 ಜಿ.ಬಿ. ಮೆಮೊರಿ ಸಾಲದೆ ಹೋದಾಗ ಕಂಪ್ಯೂಟರ್ ತನ್ನ ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸಲು ನೋಡುತ್ತದೆ. ತಿರುಗುವ ಹಳೆಯ ಡಿಸ್ಕು ಮೆಮೊರಿಗಿಂತ ಸಾವಿರಾರು ಪಟ್ಟು ನಿಧಾನ. ಅಲ್ಲಿಗೆ ಎಲ್ಲಾ ನಿಂತಂತೆ. ಬರೆದವರ ಮೇಜಿನ ಮೇಲೆ ಈ ರೋಗ ಕಾಣಿಸಿಕೊಳ್ಳುವುದೇ ಇಲ್ಲ.

ಕನ್ನಡದ ಕಥೆಯೂ ಇದೇ. ಅಗ್ಗದ ಅನೇಕ ಬಿಲ್ ಪ್ರಿಂಟರುಗಳ ಹೊಟ್ಟೆಯಲ್ಲಿ ಕನ್ನಡದ ಅಕ್ಷರಗಳಿಲ್ಲ. ತಂತ್ರಾಂಶವೇ ಅಕ್ಷರವನ್ನು ಚಿತ್ರ ಮಾಡಿ ಕಳಿಸಬೇಕು. ಒತ್ತಕ್ಷರ ಸರಿಯಾಗಿ ಬಿತ್ತೇ ಎಂದು ಬರ್ಲಿನ್ನಿನಲ್ಲಿ ಕೂತವರು ನೋಡುತ್ತಾರೆಯೇ? ನೋಡಿದರೂ ಅವರಿಗೆ ತಿಳಿದೀತೇ? ಈ ಪರೀಕ್ಷೆ ಇಲ್ಲೇ ಆಗಬೇಕು, ಇದೇ ಅಗ್ಗದ ಯಂತ್ರದ ಮೇಲೇ ಆಗಬೇಕು.

ನೋಡಿ ಕಲಿಯುವಂಥದ್ದು

ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ ಬಡ ಮಕ್ಕಳಿಗಾಗಿ 100 ಡಾಲರಿನ ಲ್ಯಾಪ್‌ಟಾಪ್ ಎಂದು ಘೋಷಿಸಿದರು. ಯಂತ್ರಕ್ಕೆ 256 ಎಂ.ಬಿ. ಮೆಮೊರಿ, ಒಳಗೆ ಲಿನಕ್ಸ್, ಅದರ ಮೇಲೆ ಮಕ್ಕಳಿಗೆಂದೇ ಮಾಡಿದ 'ಶುಗರ್' ಎಂಬ ತಂತ್ರಾಂಶ. 2009ರ ಜನವರಿಯಲ್ಲಿ ಆ ಸಂಸ್ಥೆ ತನ್ನ ಸಿಬ್ಬಂದಿಯಲ್ಲಿ ಅರ್ಧದಷ್ಟನ್ನು ಕಡಿತ ಮಾಡಿ, ಶುಗರ್ ಕೆಲಸವನ್ನು ಹೊರಗಿನ ಸಮುದಾಯಕ್ಕೆ ಬಿಟ್ಟಿತು. ಯಂತ್ರ ಒಬ್ಬರದು, ತಂತ್ರಾಂಶ ಇನ್ನೊಬ್ಬರದು, ಕೊಂಡವರು ಮತ್ತೊಬ್ಬರು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಸ್ವಯಂಸೇವಕರು ಬಿಡುವಿನಲ್ಲಿ ಸೇರಿ ಪರೀಕ್ಷೆ ಮಾಡಿ ತಪ್ಪುಗಳನ್ನು ಬರೆದು ಕಳಿಸುತ್ತಿದ್ದರು. ಅವರ ಉಪಕಾರ ದೊಡ್ಡದು. ಹಾಗೆಂದು ಲಕ್ಷಾಂತರ ಮಕ್ಕಳ ಯಂತ್ರವನ್ನು ನಾಲ್ಕು ಜನರ ಬಿಡುವಿನ ಮೇಲೆ ಬಿಡಲಾದೀತೇ?

ಅದೇ ಯಂತ್ರ ಕೊಂಡ ಪುಟ್ಟ ದೇಶ ಉರುಗ್ವೆ ಬಿಡಲಿಲ್ಲ. 2007ರಲ್ಲಿ ಯೋಜನೆ ಶುರುವಾದಾಗ ತಾಂತ್ರಿಕ ಹೊಣೆಯನ್ನು ದೇಶದ ತಾಂತ್ರಿಕ ಪ್ರಯೋಗಾಲಯಕ್ಕೇ, ಅಂದರೆ ಸರಕಿನ ಗುಣಮಟ್ಟ ನೋಡುವ ಸಂಸ್ಥೆಗೇ ವಹಿಸಿತು. 2009ರ ಅಕ್ಟೋಬರ್ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿನ ಕೈಗೂ ಲ್ಯಾಪ್‌ಟಾಪ್ ಬಂತು. ಹಣ ಕೊಟ್ಟವನೇ ಹೊಣೆ ಹೊತ್ತ.

ಇಲ್ಲಿ ಆದದ್ದೇನು? 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಕಪಿಲ್ ಸಿಬಲ್ ಅವರು 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಒಳಗೆ ಆಂಡ್ರಾಯ್ಡ್, ಅದೂ ಮುಕ್ತ ತಂತ್ರಾಂಶವೇ. ಮೆಮೊರಿ ಅದೇ 256 ಎಂ.ಬಿ. ನಿಧಾನವೆಂದು ದೂರುಗಳು ಬಂದವು. ಕೊನೆಗೆ ಸರಕು ಪೂರೈಸಿದ ಡೇಟಾವಿಂಡ್ ಕಂಪನಿಗೂ ಹೊಣೆ ಹೊತ್ತಿದ್ದ ರಾಜಸ್ಥಾನದ ಐ.ಐ.ಟಿ.ಗೂ ಯಾವ ಪರೀಕ್ಷೆ, ಎಷ್ಟು ಕಠಿಣ ಎಂಬುದರ ಮೇಲೇ ಜಗಳ ಬಿತ್ತು. 2012ರಲ್ಲಿ ಯೋಜನೆ ಮುಂಬೈ ಐ.ಐ.ಟಿ.ಗೆ ವರ್ಗವಾಯಿತು. ಮದುವೆ ಮುಗಿದ ಮೇಲೆ ಜಾತಕ ನೋಡಲು ಕೂತರೆ ಆಗುವುದು ಇದೇ.

ತಕ್ಕಡಿಯ ನ್ಯಾಯ

ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಿಸುವವರು ಯಾರು? ಅಂಗಡಿಯವರೇ. ತೂಕ ಕಮ್ಮಿ ಬಂದರೆ ಕಬ್ಬಿಣ ಎರಕ ಹೊಯ್ದವನನ್ನು ಯಾರೂ ಹುಡುಕುವುದಿಲ್ಲ. ಬಸ್ಸಿಗೆ ಎಫ್.ಸಿ. ಮಾಡಿಸುವವನು ಟಿಕೆಟ್ ಕಾಸು ಪಡೆಯುವ ಮಾಲೀಕನೇ. ಬ್ರೇಕ್ ಕೆಟ್ಟಿದ್ದರೆ "ಚಾಸಿ ಬೇರೆಯವರದು" ಎಂದು ಅವನು ಜಾರಿಕೊಳ್ಳುವಂತಿಲ್ಲ. ಕಂಪ್ಯೂಟರಿಗೆ ಮಾತ್ರ ಬೇರೆ ನ್ಯಾಯವೇ?

ಯುರೋಪ್ ಒಕ್ಕೂಟ 2024ರಲ್ಲಿ ತಂದ ಸೈಬರ್ ಭದ್ರತೆಯ ಕಾಯಿದೆ ಇದೇ ದಾರಿ ಹಿಡಿದಿದೆ. ಮುಕ್ತ ತಂತ್ರಾಂಶವನ್ನು ತನ್ನ ಸರಕಿನಲ್ಲಿ ಸೇರಿಸಿ ಮಾರುವ ತಯಾರಕನೇ ಅದರ ಭದ್ರತೆಗೆ ಹೊಣೆ; ವ್ಯಾಪಾರವಿಲ್ಲದೆ ಬರೆದು ಹಂಚಿದವನ ತಲೆಗೆ ಅದನ್ನು ಕಟ್ಟುವಂತಿಲ್ಲ. ಮುಖ್ಯ ನಿಯಮಗಳಿಗೆ ಗೊತ್ತುಮಾಡಿರುವ ದಿನ 2027ರ ಡಿಸೆಂಬರ್ 11.

ಇಲ್ಲಿನ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಬರಿಗೈಯಲ್ಲಿ ಕೂತಿಲ್ಲ. ಪುಕ್ಕಟೆ ಸೇವೆ ಅದರ ವ್ಯಾಪ್ತಿಗೆ ಬರುವುದಿಲ್ಲ, ನಿಜ. ಆದರೆ ಕಾಸು ಕೊಟ್ಟು ಕೊಂಡ ಯಂತ್ರ ಬರುತ್ತದೆ. "ವ್ಯಾಪಾರಕ್ಕೆ ಕೊಂಡದ್ದಲ್ವಾ" ಎಂದು ಹೆದರಿಸುವವರಿಗೂ ಉತ್ತರವಿದೆ: ಸ್ವಂತ ದುಡಿಮೆಯ ಹೊಟ್ಟೆಪಾಡಿಗೆಂದೇ ಕೊಂಡು ಬಳಸುವವನನ್ನು ಕಾಯಿದೆ ಗ್ರಾಹಕನೆಂದೇ ಎಣಿಸುತ್ತದೆ. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಬೇಕಾದ್ದು ಒಂದೇ, ಬಿಲ್ಲು. ಬಿಲ್ಲಿಲ್ಲದೆ ಕೊಂಡು ಆಮೇಲೆ ಬಾಯಿ ಬಾಯಿ ಬಡಿದುಕೊಂಡರೆ ಯಾರ್ರೀ ಕೇಳೋರು?

ಸರ್ಕಾರದ ಪಾಲು ಇನ್ನೂ ದೊಡ್ಡದು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದು ಕೇಂದ್ರ 2015ರಲ್ಲೇ ನೀತಿ ಹೊರಡಿಸಿತು. ಒಳ್ಳೆಯದೇ. ಹಾಗಾದರೆ ಶಾಲೆಗೆ, ಪಂಚಾಯಿತಿಗೆ ಯಂತ್ರ ಕೊಳ್ಳುವ ಟೆಂಡರಿನಲ್ಲೇ ಬರೆಯಲಿ: ಕೊಡುವ ಮಾಡೆಲ್ಲಿನ ಮೇಲೇ, ಕನ್ನಡದಲ್ಲೇ, ಪ್ರಿಂಟರ್ ಸಮೇತ ಪೂರ್ತಿ ಒಂದು ದಿನ ಓಡಿಸಿ ತೋರಿಸಬೇಕು, ಆಮೇಲೆ ಹಣ. ಜಿಲ್ಲೆ ಜಿಲ್ಲೆಯಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಹುಡುಗರು ಪ್ರಾಜೆಕ್ಟ್ ಎಂದು ಯಾರದ್ದೋ ನಕಲು ಮಾಡುವ ಬದಲು ಈ ಪರೀಕ್ಷೆ ಮಾಡಿ ತಪ್ಪುಗಳನ್ನು ಬರೆದವರಿಗೆ ತಿಳಿಸಿದರೆ ಊರಿಗೂ ಉಪಕಾರ, ಅವರಿಗೂ ವಿದ್ಯೆ.

ಕೊಳ್ಳುವವರೂ ಅಷ್ಟೇ. ಕಾಸು ಕೊಡುವ ಮೊದಲು ಸ್ವಂತ ಪ್ರಿಂಟರ್ ಒಯ್ದು, ಕನ್ನಡದಲ್ಲಿ ಹತ್ತು ಬಿಲ್ ಹೊಡೆಸಿ ನೋಡಬೇಕು. ಮಾರುವವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅವನು ಕೊಡುತ್ತಿರುವುದು ಧರ್ಮಕ್ಕಲ್ಲ.