ಕಂಬ ಏರಿದ ಮೇಲೆ ಕಲಿಯುವ ವಿದ್ಯೆ

ವಿದ್ಯುತ್ ವಿತರಣೆಯ ತಾಂತ್ರಿಕ ನೌಕರಿಗೆ ಹೋಗುವ ದಾರಿಗಳು ಮುಖ್ಯವಾಗಿ ಮೂರು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕಿರಿಯ ಪವರ್‌ಮ್ಯಾನ್ ಅಥವಾ ಕಿರಿಯ ಸ್ಟೇಷನ್ ಪರಿಚಾರಕ, ಡಿಪ್ಲೊಮಾದವರಿಗೆ ಜೆಇ, ಬಿಇ ಆದವರಿಗೆ ಎಇ. ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತವರಿಗೆ ಈ ಸಾಲಿನಲ್ಲಿ ಸ್ವಂತ ಜಾಗವಿಲ್ಲದಿರುವುದು ವಿಚಿತ್ರ. 2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ 2,975 ಹುದ್ದೆಗಳಿಗೆ ಹೊರಟ ಅಧಿಸೂಚನೆ ಕೇಳಿದ್ದು ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೈಕಸುವು. 8 ಮೀಟರ್ ಕಂಬ ಹತ್ತುವುದು ಕಡ್ಡಾಯ. ಜೊತೆಗೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಐಟಿಐ ಹುಡುಗ ಕಲಿತ ಕಸುಬಿಗೆ ಅಲ್ಲಿ ತೂಕವಿಲ್ಲ. ತಂತಿಯ ವಿದ್ಯೆ ಕೆಲಸ ಸಿಕ್ಕಮೇಲಿನ ಮಾತು.

ಕಂಬ ಹತ್ತಲು ಬರಬೇಕು, ನಿಜ. ಆದರೆ ಮೇಲೆ ಹತ್ತಿದವನ ಜೀವ ಕಾಯುವುದು ಎಲ್‌ಸಿ, ಅಂದರೆ ಲೈನ್ ಕ್ಲಿಯರ್. 11 ಕೆವಿ ಮಾರ್ಗವನ್ನು ಮುಟ್ಟುವ ಮೊದಲು ಸಬ್‌ಸ್ಟೇಷನ್ ಆಪರೇಟರ್ ಆ ಫೀಡರ್‌ನ ಬ್ರೇಕರ್ ಬಿಡಿಸಿ, ಐಸೊಲೇಟರ್ ತೆರೆದು, ಎಲ್‌ಸಿಯನ್ನು ದಾಖಲೆಯಲ್ಲಿ ಬರೆದುಕೊಂಡು ಕೊಡಬೇಕು. ಕೆಲಸದ ಜಾಗದಲ್ಲಿ ಜಿಓಎಸ್, ಅಂದರೆ ಗ್ಯಾಂಗ್ ಆಪರೇಟೆಡ್ ಸ್ವಿಚ್ ಎಳೆದಿರಬೇಕು. ಅದರ ಬ್ಲೇಡ್‌ಗಳು ಮೂರೂ ಬಿಟ್ಟುಕೊಂಡಿವೆಯೇ ಎಂದು ಕಣ್ಣಾರೆ ನೋಡಬೇಕು. ಹಿಡಿ ಕೆಳಗೆ ಬಂದರೂ ಒಂದು ಬ್ಲೇಡ್ ಕಚ್ಚಿಕೊಂಡೇ ಉಳಿಯುವುದುಂಟು. ಆಮೇಲೆ ಅರ್ಥಿಂಗ್ ರಾಡ್: ಮೊದಲು ನೆಲದ ತುದಿ ಕಟ್ಟಿ, ಅನಂತರ ತಂತಿಗೆ ಕೊಕ್ಕೆ ಹಾಕಬೇಕು. ತೆಗೆಯುವಾಗ ತಿರುವುಮುರುವು. ಕ್ರಮ ತಪ್ಪಿದರೆ ತಂತಿಯಲ್ಲಿ ಉಳಿದ ವಿದ್ಯುತ್ತಿಗೆ ರಾಡ್ ಹಿಡಿದವನೇ ದಾರಿಯಾಗುತ್ತಾನೆ. ಒಂದೇ ಕಂಬದಲ್ಲಿ ಎರಡು ಫೀಡರ್ ಹಾದುಹೋಗುವ ಕಡೆ ಒಂದಕ್ಕೆ ಎಲ್‌ಸಿ ಪಡೆದು ಇನ್ನೊಂದನ್ನು ಮುಟ್ಟುವ ಅಪಾಯವಿದೆ. ಯಾವುದೋ ಕಟ್ಟಡದ ಜನರೇಟರ್‌ನಿಂದ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೂಲಕ ಕರೆಂಟು ಹಿಂದಕ್ಕೆ ಹರಿದು ಬರುವ ಅಪಾಯವೂ ಇದೆ. ಟೊಮೆಟೊ ಬೆಳೆಗೆ ನೀರು ಬಿಡಲು ಕಾದು ನಿಂತ ರೈತ ಫೋನಿನ ಮೇಲೆ ಫೋನು ಮಾಡುವಾಗ ಈ ಶಿಸ್ತು ಸಡಿಲಾಗುವುದು ಸಹಜ. ಪುಸ್ತಕದಲ್ಲಿ ಓದಿದ್ದಕ್ಕಿಂತ ನೂರು ಸಲ ಕೈಯಾರೆ ಮಾಡಿದ ಅಭ್ಯಾಸ ಅಂಥ ಹೊತ್ತಿನಲ್ಲಿ ನೆರವಿಗೆ ಬರುತ್ತದೆ.

ಐಟಿಐ ಪಠ್ಯದಲ್ಲಿ ಮನೆ ವೈರಿಂಗ್, ಮೋಟಾರು, ವೈಂಡಿಂಗ್, ಪ್ಯಾನೆಲ್‌ಗಳೇ ಹೆಚ್ಚು. ಓವರ್‌ಹೆಡ್ ಲೈನ್ ಅದರ ಒಂದು ಭಾಗ ಮಾತ್ರ. ಐಟಿಐ ಅಂಗಳದಲ್ಲಿ ನಾಲ್ಕು ಹಳೆಯ ಕಂಬ, ಕೆಟ್ಟ ಟಿಸಿ, ಒಂದು ಜಿಓಎಸ್ ನೆಟ್ಟರೆ ಕರೆಂಟಿಲ್ಲದ ಅಭ್ಯಾಸ ಮಾರ್ಗ ಸಿದ್ಧವಾಗುತ್ತದೆ. ಬೆಸ್ಕಾಂ ಉಗ್ರಾಣದಲ್ಲಿ ಇವಕ್ಕೆ ಬರವಿರಲಾರದು. ಇನ್ನೂ ಮೇಲ್ಮಟ್ಟದ ತರಬೇತಿ ದೂರವೇನಿಲ್ಲ. ಕೇಂದ್ರ ಸರ್ಕಾರದ ಎನ್‌ಪಿಟಿಐ ಸಂಸ್ಥೆಯ ಹಾಟ್‌ಲೈನ್ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಹರಿಯುತ್ತಿರುವ ವಿದ್ಯುತ್ ನಿಲ್ಲಿಸದೆ ಇನ್ಸುಲೇಟರ್ ಬದಲಿಸುವುದನ್ನು ಅಲ್ಲಿ ಕಲಿಸುತ್ತಾರೆ.

ಇಂಥ ತರಬೇತಿ ಈ ಜಿಲ್ಲೆಗೆ ಬೇಕೆನ್ನಲು ಹಳೆಯ ಕಾರಣವೂ ಇದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಬಂತು. ಬೆಂಗಳೂರಿಗೆ ಬೆಳಕು ಸಿಕ್ಕಿದ್ದು 1905ರಲ್ಲಿ. ಶತಮಾನ ಕಳೆದು 2003ರಲ್ಲಿ, ಒಡಿಶಾದ ತಾಲ್ಚೇರ್‌ನಿಂದ ±500 ಕೆವಿ ನೇರ ವಿದ್ಯುತ್ ಮಾರ್ಗ ಬಂದು ಮುಗಿದದ್ದೂ ಕೋಲಾರದಲ್ಲೇ. ಶುರುವಿನಲ್ಲಿ ಅದರ ಸಾಮರ್ಥ್ಯ 2,000 ಮೆಗಾವಾಟ್.

ವಿದ್ಯುತ್ತಿನ ಕಸುಬು ಇಲ್ಲಿ ಹಳೆಯದಾದರೆ ನೈಸರ್ಗಿಕ ಅನಿಲದ ಕಸುಬು ಹೊಸದು. ದಾಭೋಲ್–ಬೆಂಗಳೂರು ಗೇಲ್ ಕೊಳವೆ ಮಾರ್ಗ 2013ರಲ್ಲಿ ಚಾಲೂ ಆದಮೇಲೆ ರಾಜ್ಯದ ಈ ಭಾಗಕ್ಕೆ ಕೊಳವೆ ಅನಿಲ ಕಾಲಿಟ್ಟಿತು. ನಗರ ಅನಿಲ ವಿತರಣೆಗಾಗಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಚಿತ್ತೂರು, ಕೋಲಾರ, ವೆಲ್ಲೂರನ್ನು ಸೇರಿಸಿ ಒಂದೇ ಪ್ರದೇಶ ಮಾಡಿದೆ. ಮೂರು ರಾಜ್ಯ, ಮೂರು ಭಾಷೆ; ಕನ್ನಡ, ತೆಲುಗು ಎರಡೂ ಬಲ್ಲ ಮುಳಬಾಗಿಲಿನ ಹುಡುಗರಿಗೆ ಇದು ಅನುಕೂಲವೇ. ಹಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನಲ್ಲಾಗಲಿ, ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲಾಗಲಿ ಕೊಳವೆ ಅನಿಲ ಬಳಕೆಗೆ ಬಂದಷ್ಟೂ ಅದನ್ನು ನೋಡಿಕೊಳ್ಳುವ ಕೈಗಳು ಬೇಕಾಗುತ್ತವೆ.

ಉಕ್ಕಿನ ದೊಡ್ಡ ಕೊಳವೆಗೆ ಪರೀಕ್ಷೆ ಪಾಸಾದ ವೆಲ್ಡರ್ ಬೇಕು. ಬೀದಿಗಳಲ್ಲಿ ಹೂಳುವ ಹಳದಿ ಪಾಲಿಎಥಿಲೀನ್ ಕೊಳವೆಯನ್ನು ಎಲೆಕ್ಟ್ರೋಫ್ಯೂಷನ್‌ನಿಂದ ಬೆಸೆಯುತ್ತಾರೆ. ತುದಿಯನ್ನು ನೇರವಾಗಿ ಕತ್ತರಿಸಿ, ಮೇಲ್ಪದರವನ್ನು ತೆಳುವಾಗಿ ಹೆರೆದು, ಒರೆಸಿ, ಕ್ಲ್ಯಾಂಪ್‌ನಲ್ಲಿ ಬಿಗಿದಮೇಲೆ ಯಂತ್ರ ಫಿಟ್ಟಿಂಗ್‌ನ ಬಾರ್‌ಕೋಡ್ ಓದಿ ತಾನೇ ಕಾಯಿಸುತ್ತದೆ. ಹೆರೆಯುವುದನ್ನು ಬಿಟ್ಟರೂ, ಆರುವ ಮೊದಲೇ ಕ್ಲ್ಯಾಂಪ್ ಬಿಚ್ಚಿದರೂ ಬೆಸುಗೆ ನೋಡಲು ಚೆನ್ನಾಗಿಯೇ ಕಾಣುತ್ತದೆ; ಸೋರುವುದು ಆಮೇಲೆ. ಹಾಗಾಗಿ ಈ ಕೆಲಸದ ತರಬೇತಿಯಲ್ಲಿ ಯಂತ್ರಕ್ಕಿಂತ ತಾಳ್ಮೆ ಕಲಿಸುವುದೇ ಕಷ್ಟ. ಹೈಡ್ರೊಕಾರ್ಬನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ನಗರ ಅನಿಲದ ಪೈಪ್ ಫಿಟ್ಟರ್‌ನಂಥ ಕೆಲಸಗಳಿಗೆ ಪಠ್ಯ ರೂಪಿಸಿದೆ. ಐಟಿಐ ಫಿಟ್ಟರ್, ಪ್ಲಂಬರ್, ವೆಲ್ಡರ್‌ಗಳಿಗೆ ಅದನ್ನು ಅಲ್ಪಾವಧಿಯ ಸೇರ್ಪಡೆಯಾಗಿ ಕೊಡಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಅನಿಲ ಕಂಪನಿಯಲ್ಲೇ ಒಂದು ವರ್ಷ ಕಳೆಯುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಮನೆಯೊಳಗಿನ ಕೆಲಸಕ್ಕೆ ಹೊಸ ಪಾಠವೊಂದು ಬೇಕು. ಸಿಲಿಂಡರ್ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿಯುತ್ತದೆ. ಕೊಳವೆಯಲ್ಲಿ ಬರುವ ಮೀಥೇನ್ ಹಗುರ, ಸೂರಿನಡಿ ಸೇರಿಕೊಳ್ಳುತ್ತದೆ. ಸಿಲಿಂಡರ್ ಒಲೆ ರಿಪೇರಿಯಲ್ಲಿ ಪಳಗಿದವರು ಸೋರಿಕೆ ಪತ್ತೆಯ ಉಪಕರಣವನ್ನು ನೆಲದ ಬಳಿಯಷ್ಟೇ ಹಿಡಿದು ಹೋಗಬಾರದು, ಮೇಲಿನ ಮೂಲೆಗಳಿಗೂ ಹಿಡಿಯಬೇಕು. ಮನೆಯವರಿಗೆ ಸ್ವಿಚ್ ಮುಟ್ಟಬೇಡಿ, ಕಿಟಕಿಗಳನ್ನೆಲ್ಲ ತೆರೆಯಿರಿ ಎಂದು ಹೇಳುವ ಕೆಲಸವೂ ಅವರದೇ. ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಅದನ್ನು ತೆಲುಗಿನಲ್ಲಿ ಹೇಳಬೇಕಾಗುತ್ತದೆ.