ಚರ್ಚಿನ ಅಂಗಳ ಮಕ್ಕಳಿಗೆ ಸಿಗಲಿ

ಸಭೆಯ ಹಿರಿಯರೇ, ತಾಯಿ ತಂದೆಯರೇ, ಸಂಡೇ ಸ್ಕೂಲಿನ ಶಿಕ್ಷಕ ಬಂಧುಗಳೇ,

ಬೇಸಿಗೆ ರಜೆ ಹತ್ತಿರ ಬಂತು. ಏಪ್ರಿಲ್ ಕಾಲಿಟ್ಟರೆ ಮಂಗಳೂರಿನಿಂದ ಧಾರವಾಡದವರೆಗೆ, ಬೆಂಗಳೂರಿನಿಂದ ಬಳ್ಳಾರಿಯವರೆಗೆ ನಮ್ಮ ಚರ್ಚುಗಳ ಗೇಟಿನ ಮೇಲೆ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಬ್ಯಾನರು ಏರುತ್ತದೆ. ಅದಕ್ಕೆ ಮೊದಲು ಕಮಿಟಿಯಲ್ಲಿ ಮಾತುಕತೆ ಆಗುತ್ತದೆ: ತಿಂಡಿ ಯಾರ ಮನೆಯಿಂದ, ಟೀ ಶರ್ಟು ಯಾವ ಬಣ್ಣದ್ದು, ಸಮಾರೋಪಕ್ಕೆ ಅತಿಥಿ ಯಾರು. ಮಕ್ಕಳು ಎಲ್ಲಿ ಆಡುತ್ತಾರೆ, ಏನು ಆಡುತ್ತಾರೆ, ಬೆಳಿಗ್ಗೆ ಕೇಳಿದ ಕಥೆಗೂ ಆ ಆಟಕ್ಕೂ ಏನಾದರೂ ಸಂಬಂಧವಿದೆಯೇ ಎಂಬ ವಿಚಾರ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಈ ವರ್ಷ ಅದನ್ನೇ ಮೊದಲು ಎತ್ತಿಕೊಳ್ಳಿ ಎಂದು ಕೇಳಿಕೊಳ್ಳಲು ಇಷ್ಟು ಬರೆಯುತ್ತಿದ್ದೇನೆ.

ಆಟವೆಂದರೆ ಮಕ್ಕಳನ್ನು ಪಾಠಕ್ಕೆ ಕೂರಿಸಲು ತೋರಿಸುವ ಆಸೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಂಠಪಾಠ ಒಪ್ಪಿಸಿದರೆ ಆಡಲು ಬಿಡುತ್ತೇವೆ, ಗಲಾಟೆ ಮಾಡಿದರೆ ಆಟ ಬಂದ್. ಒಳಗೆ ಕಳೆದುಹೋದ ಕುರಿಯ ಕಥೆ ಹೇಳುತ್ತೇವೆ. ಹೊರಗೆ ಬಂದು, ತಪ್ಪಿದವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸುವ ಆಟ ಆಡಿಸುತ್ತೇವೆ. ಇವೆರಡರಲ್ಲಿ ಮಗು ಯಾವುದನ್ನು ನಂಬುತ್ತದೆ? ಕಿವಿಯಲ್ಲಿ ಕೇಳಿದ್ದಕ್ಕಿಂತ ಮೈಯಲ್ಲಿ ಆಡಿದ್ದನ್ನೇ ನಂಬುತ್ತದೆ. ಆದ್ದರಿಂದ ನನ್ನ ಅರಿಕೆ ಇದು. ಆಟವೇ ಪಾಠವಾಗಲಿ, ಮತ್ತು ಆ ಆಟದಲ್ಲಿ ಎಲ್ಲರಿಗಿಂತ ಹಿಂದೆ ಓಡುವ ಮಗುವೂ ಮುಗಿಯುವತನಕ ಇರಲಿ.

ಸಂಡೇ ಸ್ಕೂಲು ಹುಟ್ಟಿದ್ದೇ ಆಯಾ ಕಾಲದ ಮಕ್ಕಳಿಗೆ ಏನು ಇರಲಿಲ್ಲವೋ ಅದನ್ನು ಕೊಡಲು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ ಕಂಡದ್ದು, ವಾರವಿಡೀ ಗುಂಡುಸೂಜಿ ಕಾರ್ಖಾನೆಗಳಲ್ಲಿ ದುಡಿದು ಭಾನುವಾರ ಬೀದಿ ಅಲೆಯುವ ಮಕ್ಕಳನ್ನು. ಅವರಿಗೆ ಅಕ್ಷರ ಇರಲಿಲ್ಲ. ಭಾನುವಾರದ ಶಾಲೆ ಅಕ್ಷರ ಕಲಿಸಿತು. 1898ರಲ್ಲಿ ನ್ಯೂಯಾರ್ಕಿನ ಬಡವರ ಕೇರಿಯಲ್ಲಿ ಬೇಸಿಗೆ ರಜೆಯ ಮಕ್ಕಳಿಗೆ ಹೋಗಲು ಜಾಗವಿರಲಿಲ್ಲ. ಹಾವ್ಸ್ ಎಂಬ ಹೆಣ್ಣುಮಗಳು ಬಿಯರ್ ಮಾರುವ ಒಂದು ಹಾಲನ್ನೇ ಬಾಡಿಗೆಗೆ ಹಿಡಿದು ಅಲ್ಲಿ ಹಾಡು, ಸತ್ಯವೇದದ ಕಥೆ, ಚಿತ್ರ ಬರೆಯುವುದು, ಆಟ ಎಲ್ಲವನ್ನೂ ಶುರು ಮಾಡಿದರು. ಇಂದು ನಾವು ನಡೆಸುವ ವಿ.ಬಿ.ಎಸ್.ನ ಮೂಲಗಳಲ್ಲಿ ಅದೂ ಒಂದು. ಈಗ ನಮ್ಮ ಮಕ್ಕಳಿಗೆ ಇಲ್ಲದ್ದು ಯಾವುದು? ಅಕ್ಷರಕ್ಕೆ ಬರವಿಲ್ಲ. ಶಾಲೆ, ಟ್ಯೂಷನ್, ಕೈಗೊಂದು ಮೊಬೈಲು ಎಲ್ಲ ಇದೆ. ಓಡಲು ನೆಲವಿಲ್ಲ, ಜೊತೆಗೆ ಓಡಲು ಅಕ್ಕಪಕ್ಕದ ಮಕ್ಕಳಿಲ್ಲ.

ನೆಲ ನಮ್ಮ ಬಳಿ ಇದೆ. ಹಳೆಯ ಚರ್ಚುಗಳಿಗೆ, ಅದರಲ್ಲೂ ಬಾಸೆಲ್ ಮಿಶನ್ ಕಾಲದ ಕಂಪೌಂಡುಗಳಿಗೆ, ಊರಿನ ಮಧ್ಯದಲ್ಲಿ ಮರದ ನೆರಳಿರುವ ವಿಶಾಲವಾದ ಅಂಗಳ ಸಿಕ್ಕಿದ್ದು ದೊಡ್ಡ ಭಾಗ್ಯ. ಆದರೆ ಭಾನುವಾರ ಬೆಳಿಗ್ಗೆ ಆ ಅಂಗಳವನ್ನು ನೋಡಿ. ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್, ಅದರ ಮೇಲೆ ಸಾಲಾಗಿ ಕಾರು, ಕಾರುಗಳ ನಡುವೆ ಸ್ಕೂಟರು. ಮಗು ಚೆಂಡು ಎತ್ತಿಕೊಂಡರೆ ಹತ್ತು ಕಡೆಯಿಂದ ಕೂಗು: ಗಾಜು ಜೋಪಾನ! ವಾರಕ್ಕೊಂದು ದಿನ, ಒಂದು ಗಂಟೆ, ಅಂಗಳದ ಒಂದು ಮೂಲೆಯನ್ನು ಹಗ್ಗ ಕಟ್ಟಿ ಮಕ್ಕಳಿಗೆಂದು ಬಿಟ್ಟರೆ ನಾವು ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ ನೂರು ಹೆಜ್ಜೆ ನಡೆಯಬೇಕಾದೀತು. ನಡೆಯೋಣ.

ಇನ್ನು ಏನು ಆಡಿಸುವುದು? ಇದಕ್ಕೆ ಪರದೇಶದಿಂದ ಬಂದ ಕಿಟ್ಟುಗಳನ್ನೇ ಕಾಯಬೇಕಿಲ್ಲ. ನಮ್ಮ ಲಗೋರಿಯನ್ನೇ ತೆಗೆದುಕೊಳ್ಳಿ. ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆ ಚೆಂಡು. ಲಗೋರಿ ಬೀಳಿಸುವುದು ಸುಲಭ. ಚೆಂಡಿನ ಏಟು ತಪ್ಪಿಸಿಕೊಂಡು ಮತ್ತೆ ಕಟ್ಟುವುದರಲ್ಲೇ ಆಟವಿದೆ. ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕ ಹೇಳುವುದೂ ಇದನ್ನೇ. ಯೆರೂಸಲೇಮಿನ ಗೋಡೆ ಬಿದ್ದಿದೆ. ಕಟ್ಟಲು ಹೊರಟವರನ್ನು ಸನ್ಬಲ್ಲಟ, ಟೋಬೀಯ ಮೊದಲಾದವರು ಗೇಲಿ ಮಾಡುತ್ತಾರೆ, ಮೇಲೆ ಬೀಳಲು ಹೊಂಚು ಹಾಕುತ್ತಾರೆ. ಜನ ಅರ್ಧದಷ್ಟು ಮಂದಿ ಕಟ್ಟುತ್ತ, ಅರ್ಧದಷ್ಟು ಮಂದಿ ಈಟಿ ಹಿಡಿದು ಕಾಯುತ್ತ 52 ದಿನಗಳಲ್ಲಿ ಗೋಡೆ ಮುಗಿಸುತ್ತಾರೆ. ಈ ಕಥೆಯನ್ನು ಹಾಲಿನೊಳಗೆ ಕೂರಿಸಿ ಹೇಳಿದರೆ ಹೆಸರುಗಳ ನಡುವೆ ಮಕ್ಕಳು ಆಕಳಿಸುತ್ತಾರೆ. ಅಂಗಳದಲ್ಲಿ ಲಗೋರಿ ಜೋಡಿಸಿ ಹೇಳಿದಾಗ ಕಥೆ ಮುಗಿಯುವ ಮೊದಲೇ ಅವರ ಕಾಲು ಓಡಲು ಸಜ್ಜಾಗಿರುತ್ತದೆ.

ನಿಯಮದಲ್ಲಿ ಒಂದೇ ಒಂದು ಬದಲಾವಣೆ ಸಾಕು. ಚೆಂಡು ತಗಲಿದವನು ಔಟಾಗಿ ಹೋಗಬೇಕಿಲ್ಲ, ಅವನು ಕಾವಲುಗಾರ. ಕಲ್ಲು ಮುಟ್ಟುವಂತಿಲ್ಲ, ಆದರೆ ಕಟ್ಟುವವರ ಮುಂದೆ ನಿಂತು ಚೆಂಡಿಗೆ ಅಡ್ಡ ಬರಬಹುದು. ಆಗ ನೋಡಬೇಕು. ಜೋರಾಗಿ ಓಡಲಾರದ, ಯಾವ ಆಟದಲ್ಲೂ ಮೊದಲು ಏಟು ತಿನ್ನುವ ಹುಡುಗ ಕೈಯಗಲಿಸಿ ನಿಲ್ಲುತ್ತಾನೆ. ಅವನ ಬೆನ್ನ ಹಿಂದೆ ಕೂತು ಪುಟ್ಟ ಹುಡುಗಿಯೊಬ್ಬಳು ಕೊನೆಯ ಕಲ್ಲನ್ನು ಅಲುಗದಂತೆ ಇಟ್ಟು ಲಗೋರಿ ಎಂದು ಕೂಗುತ್ತಾಳೆ. ಗೆಲುವು ಇಬ್ಬರದೂ. ಆಟ ಮುಗಿದ ಮೇಲೆ ನೆಹೆಮೀಯ ಮೂರನೆಯ ಅಧ್ಯಾಯ ತೆರೆದು, ಗೋಡೆ ಕಟ್ಟಿದವರ ಪಟ್ಟಿಯನ್ನು ಮಕ್ಕಳಿಂದಲೇ ಓದಿಸಿ. ಅಕ್ಕಸಾಲಿಗರಿದ್ದಾರೆ, ಸುಗಂಧ ತಯಾರಿಸುವವನಿದ್ದಾನೆ, ವ್ಯಾಪಾರಿಗಳಿದ್ದಾರೆ, ಶಲ್ಲೂಮನೆಂಬವನ ಹೆಣ್ಣುಮಕ್ಕಳಿದ್ದಾರೆ. ದೊಡ್ಡವರೂ ಹಾರಿಸಿ ಓದುವ ಆ ಪಟ್ಟಿ ಮಕ್ಕಳಿಗೆ ಅಂದು ತಮ್ಮದೇ ತಂಡದ ಪಟ್ಟಿಯಂತೆ ಕೇಳಿಸುತ್ತದೆ.

ಕಣ್ಣಾಮುಚ್ಚಾಲೆಯೂ ಹಾಗೆಯೇ. ಮಾಮೂಲಿ ಆಟದಲ್ಲಿ ಸಿಕ್ಕಿಬಿದ್ದವನು ಸೋತವನು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಸಿಕ್ಕಿದ ಕುರಿಗೆ ಸೋಲಿಲ್ಲ, ಅದು ಸಿಕ್ಕಿತೆಂದು ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾರೆ. ಆದ್ದರಿಂದ ಸಿಕ್ಕಿದ ಮಗು ಹುಡುಕುವವರ ಕೈ ಹಿಡಿದು ಸೇರಿಕೊಳ್ಳಲಿ. ಸಾಲು ಉದ್ದವಾಗುತ್ತ ಹೋಗಿ, ಕೊನೆಗೆ ಉಳಿದ ಒಬ್ಬರನ್ನು ಎಲ್ಲರೂ ಹೆಸರು ಹಿಡಿದು ಕೂಗುತ್ತ ಹುಡುಕಲಿ. ಹೆಸರು ಕೂಗುವುದು ಮುಖ್ಯ. ಎಷ್ಟೋ ಸಭೆಗಳಲ್ಲಿ ಹೊಸದಾಗಿ ಬಂದ ಮಗುವಿನ ಹೆಸರು ಗೊತ್ತಾಗುವುದು ಹಾಜರಿ ಪುಸ್ತಕಕ್ಕೆ ಮಾತ್ರ.

ಕರಾವಳಿಯಲ್ಲಿ ಮಳೆ ಹಿಡಿದರೆ ಹೊರಗೆ ಆಡಲಾಗದು. ಆಗ ಒಳಗೆ ಚೌಕಾಬಾರ ಇದೆ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಇಪ್ಪತ್ತೈದು ಮನೆ, ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ಉಜ್ಜಿದ ಹುಣಸೆಬೀಜ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಹಲವು ಮನೆಗಳಲ್ಲಿ ಇದೆ. ಒಳ್ಳೆಯ ಸಮಾರ್ಯದವನ ಕಥೆ ಹೇಳುವ ದಿನ ಅದನ್ನು ತಿರುಗಿಸಿ: ಹಿಂದೆ ಬಿದ್ದ ಇನ್ನೊಬ್ಬರ ಕಾಯನ್ನು ತನ್ನ ಗರದಿಂದ ಒಮ್ಮೆಯಾದರೂ ನಡೆಸದೆ ಒಳಗೆ ಪ್ರವೇಶವಿಲ್ಲ. ಮಕ್ಕಳು ಮೊದಲು ತಕರಾರು ತೆಗೆಯುತ್ತಾರೆ. ಗರ ಹಾಳಾಯಿತಲ್ಲ ಎಂದು ಮುಖ ಸಿಂಡರಿಸುತ್ತಾರೆ. ಆ ತಕರಾರಿನಲ್ಲೇ ಅಂದಿನ ಪಾಠವಿದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ನೋಡಿ ಪಕ್ಕಕ್ಕೆ ಸರಿದು ಹೋದ ಯಾಜಕನಿಗೂ ಬಹುಶಃ ಅದೇ ಲೆಕ್ಕ ಇದ್ದೀತು ಎಂದು ಅವರಿಗೆ ಅಲ್ಲೇ ಹೇಳಬಹುದು.

ಹೊರಗೆ ಕಳಿಸುವ ಆಟಗಳ ಬಗ್ಗೆ ನನಗೆ ತುಂಬ ನೋವಿದೆ. ಮ್ಯೂಸಿಕಲ್ ಚೇರಿನಲ್ಲಿ ಮೊದಲ ಸುತ್ತಿಗೇ ಔಟಾಗುವವರು ಯಾರು? ಚಿಕ್ಕವರು, ನಾಚಿಕೆಯವರು, ಕಾಲು ಸರಿಯಿಲ್ಲದವರು, ಹೊಸಬರು. ಆಟದ ಅವಶ್ಯಕತೆ ಯಾರಿಗೆ ಹೆಚ್ಚೋ ಅವರಿಗೇ ಎಲ್ಲರಿಗಿಂತ ಕಡಿಮೆ ಆಟ. ಉಳಿದವರು ನಗುತ್ತ ಸುತ್ತುವಾಗ ಆ ಮಗು ಗೋಡೆಗೊರಗಿ ಚಪ್ಪಲಿಯ ಬಾರು ತಿರುವುತ್ತ ಕೂತಿರುತ್ತದೆ. ಕುರ್ಚಿ ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಉಳಿದ ಕುರ್ಚಿಗಳಲ್ಲೇ ಎಲ್ಲರೂ ಒತ್ತಿಕೊಂಡು, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರೂ ಸರಿ, ಯಾರೂ ನಿಂತಿರಬಾರದು ಎಂದು ಆಡಿಸಿ ನೋಡಿ. ಬಹುಮಾನದ ವಿಷಯವೂ ಇದೇ. ಕಂಠಪಾಠಕ್ಕೆ ಪ್ರತಿವರ್ಷ ಅದೇ ಮೂರು ಮನೆಯ ಮಕ್ಕಳು ವೇದಿಕೆ ಹತ್ತಿದರೆ ಮಿಕ್ಕ ಮನೆಗಳಿಗೆ ನಾವು ಏನು ಹೇಳಿದಂತಾಯಿತು? ತಾಯಂದಿರು ಇಲ್ಲಿ ನನ್ನ ಮೇಲೆ ಸಿಟ್ಟಾಗಬಹುದು. ಆದರೂ ಹೇಳುತ್ತೇನೆ: ಸ್ಟೀಲ್ ಡಬ್ಬಿಯ ಬಹುಮಾನ ನಿಂತರೆ ವಚನ ಕಲಿಯುವುದು ನಿಲ್ಲುವುದಿಲ್ಲ.

ಆರಾಧನೆಯ ಗಾಂಭೀರ್ಯಕ್ಕೆ ಆಟ ಧಕ್ಕೆ ತರುತ್ತದೆ ಎನ್ನುವ ಹಿರಿಯರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಮಂಗಳೂರಿನ ಕಥೋಲಿಕ ಬಂಧುಗಳ ಮೊಂತಿ ಹಬ್ಬವನ್ನು ಒಮ್ಮೆ ನೋಡಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮೊದಲು ಒಂಬತ್ತು ದಿನ, ಮಕ್ಕಳು ತಟ್ಟೆ ತುಂಬ ಹೂ ತಂದು ಹಾಡುತ್ತ ಬಾಲ ಮರಿಯಮ್ಮನ ಮೂರ್ತಿಯ ಮುಂದೆ ಎರಚುತ್ತಾರೆ. ಹಿತ್ತಲಲ್ಲಿ ಹೂ ಹುಡುಕುವುದು, ಯಾರ ತಟ್ಟೆಯಲ್ಲಿ ಎಷ್ಟು ಬಣ್ಣವೆಂದು ಇಣುಕುವುದು, ಮಳೆಗೆ ನೆನೆದು ಬರುವುದು ಎಲ್ಲವೂ ಆಟವೇ. ಎಲ್ಲವೂ ಭಕ್ತಿಯೇ. ಹಬ್ಬದ ದಿನ ಹೊಸ ತೆನೆ ಮನೆಗೆ ಬರುತ್ತದೆ, ಊಟ ಸಸ್ಯಾಹಾರದ್ದು. ಆ ಮಕ್ಕಳಿಗೆ ಹಬ್ಬದ ಅರ್ಥವನ್ನು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸಬೇಕಾಗಿಲ್ಲ. ನಮ್ಮ ಸಭೆಗಳಲ್ಲೂ ಗರಿಗಳ ಭಾನುವಾರ ಇದೆ, ಸುಗ್ಗಿಯ ಹಬ್ಬ ಇದೆ, ಕ್ರಿಸ್‌ಮಸ್ಸಿನ ಗೋದಲಿ ಇದೆ. ಗೋದಲಿಯನ್ನು ಯುವಕ ಸಂಘದವರು ರಾತ್ರಿ ಕೂತು ಚೆಂದವಾಗಿ ಕಟ್ಟುತ್ತಾರೆ, ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಕುರಿ ಸೊಟ್ಟಗಾದರೂ ಪರವಾಗಿಲ್ಲ, ಮಣ್ಣು ಮಕ್ಕಳ ಕೈಗೆ ಕೊಡಿ.

ಭಾಷೆಯ ಮಾತನ್ನೂ ಇಲ್ಲಿ ಎತ್ತಬೇಕು. ಮನೆಯಲ್ಲಿ ಕನ್ನಡ ಆಡುವ ಮಕ್ಕಳೇ ಇಂದು ಕನ್ನಡ ಸತ್ಯವೇದವನ್ನು ತಡವರಿಸುತ್ತ ಓದುತ್ತಾರೆ. ಆಕ್ಷನ್ ಸಾಂಗುಗಳೂ ಇಂಗ್ಲಿಷಿನವು. 1862ರಷ್ಟು ಹಿಂದೆಯೇ ಜರ್ಮನಿಯಿಂದ ಬಂದ ಬಾಸೆಲ್ ಮಿಶನ್ನಿನ ಕಿಟೆಲ್ ಯೇಸುಸ್ವಾಮಿಯ ಚರಿತ್ರೆಯನ್ನು ಈ ನಾಡಿನ ಹಾಡಿನ ಧಾಟಿಯಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಹೊರಗಿನಿಂದ ಬಂದವರಿಗೆ ಇದ್ದ ಈ ಅರಿವು ಇಲ್ಲೇ ಹುಟ್ಟಿದ ನಮಗೆ ಇರಬೇಡವೇ? ಕುಂಟೆಬಿಲ್ಲೆಯ ಮನೆಗಳಲ್ಲಿ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ ಎಂದು ಬರೆದು ಕುಂಟುತ್ತ ಹೇಳಿಸಿದರೆ ಮಳೆಗಾಲದೊಳಗೆ 66 ಪುಸ್ತಕಗಳ ಹೆಸರುಗಳೂ ನಾಲಿಗೆಯ ಮೇಲಿರುತ್ತವೆ, ಅದೂ ಕನ್ನಡದಲ್ಲಿ.

ವಿ.ಬಿ.ಎಸ್.ಗೆ ನಮ್ಮ ಸಭೆಯ ಮಕ್ಕಳಷ್ಟೇ ಬರುವುದಿಲ್ಲ. ಆಟದ ಸದ್ದು ಕೇಳಿ ಓಣಿಯ ಮಕ್ಕಳೂ ಬರುತ್ತಾರೆ. ಬರಲಿ. ಆದರೆ ಅವರ ತಾಯಿ ತಂದೆಯರಿಗೆ ಮೊದಲೇ ಹೋಗಿ ಹೇಳಿ: ಇಲ್ಲಿ ಸತ್ಯವೇದದ ಕಥೆ ಹೇಳುತ್ತೇವೆ, ಇಂಥ ಆಟ ಆಡಿಸುತ್ತೇವೆ, ನೀವೇ ಬಂದು ಕೂತು ನೋಡಿ. ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ನೆರೆಮನೆಯ ಮಗುವಿನಿಂದ ಯಾವ ಮಾತನ್ನೂ, ಯಾವ ಹರಕೆಯನ್ನೂ ಹೇಳಿಸಬೇಡಿ. ನಂಬಿಕೊಂಡು ಮಗುವನ್ನು ಕಳಿಸಿದ ಮನೆಗೆ ನಾವು ಋಣಿಗಳು. ಜೊತೆಗೆ, ಯಾವ ಕೊಠಡಿಯಲ್ಲೂ ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಇರಬಾರದು, ಇಬ್ಬರು ಇರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಚರ್ಚಿಗೂ ಅನ್ವಯಿಸುತ್ತದೆ. ಮಗುವಿಗೆ ಆದ ಅನ್ಯಾಯ ಗೊತ್ತಿದ್ದೂ ಮುಚ್ಚಿಡುವುದು ಅಪರಾಧ. ಬಿಸಿಲಿನ ಎಚ್ಚರವೂ ಇರಲಿ: ಬಳ್ಳಾರಿ, ಕಲಬುರಗಿಯ ಕಡೆ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವುದರಿಂದ ಅಲ್ಲಿ ಓಡುವ ಆಟಗಳು ಬೆಳಿಗ್ಗೆ ಹತ್ತರೊಳಗೆ ಮುಗಿಯಬೇಕು.

ಸೆರೆಯಿಂದ ಮರಳಿದ ಜನರಿಗೆ ಜೆಕರ್ಯ ಪ್ರವಾದಿ ತೋರಿಸಿದ ಯೆರೂಸಲೇಮನ್ನು ನೆನೆಯಿರಿ. ಅವನ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿದೆ. ಅಲ್ಲಿ ಅವನು ಕೊಡುವ ಚಿತ್ರದಲ್ಲಿ ಅಜ್ಜ ಅಜ್ಜಿಯರು ಕೋಲು ಹಿಡಿದು ಬೀದಿಯಲ್ಲಿ ಕೂತಿದ್ದಾರೆ, ಅದೇ ಬೀದಿಯ ತುಂಬ ಹುಡುಗ ಹುಡುಗಿಯರು ಆಡುತ್ತಿದ್ದಾರೆ. ದೇವರು ಆ ಜನರ ನಡುವೆ ಮತ್ತೆ ವಾಸಿಸುತ್ತಾನೆ ಎಂಬುದಕ್ಕೆ ಪ್ರವಾದಿ ತೋರಿಸುವ ಗುರುತೇ ಅದು. ಅಜ್ಜ ಅಜ್ಜಿಯರು ದೂರ ಇಲ್ಲ, ಮಕ್ಕಳ ಜೊತೆಗೇ ಇದ್ದಾರೆ. ನಮ್ಮಲ್ಲಿ ಸಂಡೇ ಸ್ಕೂಲನ್ನು ಪಿ.ಯು.ಸಿ. ಓದುವ ಹುಡುಗಿಯರ ಹೆಗಲಿಗೆ ಹಾಕಿ ದೊಡ್ಡವರು ಮನೆಗೆ ಹೊರಡುತ್ತೇವೆ. ಹಿರಿಯರೇ, ಚೌಕಾಬಾರದ ನಿಯಮ ಬಲ್ಲವರು ನೀವು, ಬಟ್ಟೆ ಚೆಂಡು ಬಿಗಿಯಾಗಿ ಹೊಲಿಯಲು ಬಲ್ಲವರು ನೀವು. ಆ ಹುಡುಗಿಯರಿಗೆ ಇದನ್ನು ಕಲಿಸಿದವರಿಲ್ಲ.

ಆದ್ದರಿಂದ ಮುಂದಿನ ಕಮಿಟಿ ಸಭೆಯಲ್ಲಿ ದಯವಿಟ್ಟು ಮೂರು ವಿಷಯ ಬರೆಸಿ. ಭಾನುವಾರ ಆರಾಧನೆಯ ನಂತರ ಒಂದು ಗಂಟೆ ಅಂಗಳದ ಒಂದು ಮೂಲೆ ಮಕ್ಕಳದು. ಅಲ್ಲಿ ಕಾರು ನಿಲ್ಲಿಸುವಂತಿಲ್ಲ. ವರ್ಷದ ಬಜೆಟ್ಟಿನಲ್ಲಿ ಮಕ್ಕಳ ಆಟಕ್ಕೆಂದು ಒಂದು ಸಾಲು. ಪ್ರತಿವಾರ ಸರದಿಯಂತೆ ಇಬ್ಬರು ಹಿರಿಯರು ಅಂಗಳದಲ್ಲಿ ಹಾಜರು. ಸಭಾಪಾಲಕರು ಇದನ್ನು ಪೀಠದಿಂದಲೇ ಓದಿ ಹೇಳಲಿ. ಸರದಿ ಪಟ್ಟಿಯಲ್ಲಿ ಮೊದಲ ವಾರಕ್ಕೆ ನಿಮ್ಮ ಹೆಸರನ್ನು ನೀವೇ ಬರೆಯಿರಿ, ಬರುವಾಗ ಏಳು ಕಲ್ಲು ಆರಿಸಿ ತನ್ನಿ.