‘ನೋಡ್ತೀನಿ ಅಮ್ಮ’

"ಶನಿವಾರ ಬರ್ತೀಯಾ? ಭೂಮಿಗೀತದಲ್ಲಿ ನಾಟಕ ಇದೆ."

ಅಮ್ಮನ ವಾಟ್ಸಾಪ್ ಮೆಸೇಜು. ನನ್ನ ರಿಪ್ಲೈ ಯಾವಾಗಲೂ ಒಂದೇ: "ನೋಡ್ತೀನಿ ಅಮ್ಮ." ನಮ್ಮನೇಲಿ ‘ನೋಡ್ತೀನಿ’ ಅಂದ್ರೆ ‘ಇಲ್ಲ’ ಅಂತ ಅರ್ಥ.

ಮೈಸೂರಿನಲ್ಲಿ ಬೆಳೆದವರಿಗೆ ಹುಣಸೂರು ರಸ್ತೆಯ ಕಲಾಮಂದಿರ ಗೊತ್ತೇ ಇರುತ್ತೆ. ಅದೇ ಆವರಣದಲ್ಲಿ ಸುಚಿತ್ರ ಕಲಾ ಗ್ಯಾಲರಿ, ಪಕ್ಕದಲ್ಲೇ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ. ಒಳಗೆ ಕೂತು ನೋಡೋಕೆ ಭೂಮಿಗೀತ, ಬಯಲಲ್ಲಿ ನೋಡೋಕೆ ವನರಂಗ. ಬೇಸಿಗೆ ರಜೆಗೆ ಮಕ್ಕಳಿಗೆ ಚಿಣ್ಣರ ಮೇಳ. ಅಲ್ಲಿ ನಾನೂ ಒಂದು ವರ್ಷ ಕೋತಿಯಾಗಿದ್ದೆ. ಡೈಲಾಗ್ ಇರಲಿಲ್ಲ, ಜಿಗಿಯೋದು ಮಾತ್ರ.

2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಇಲ್ಲೇ ನಾಟಕವಾಯ್ತು. ಸಿ. ಬಸವಲಿಂಗಯ್ಯ ಅವರ ನಿರ್ದೇಶನ, ರಾತ್ರಿಯಿಡೀ ಸುಮಾರು ಒಂಬತ್ತು ಗಂಟೆಯ ಆಟ. ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕು. ಅಪ್ಪ ಅಮ್ಮ ಶಾಲು, ಫ್ಲಾಸ್ಕು ಹಿಡ್ಕೊಂಡು ಹೊರಟರು. ಟ್ಯೂಷನ್ ಟೆಸ್ಟ್ ಅಂತ ನಾನು ಮನೇಲೇ ಉಳಿದೆ. ಬೆಳಗ್ಗೆ ಬಂದವರು ನಿದ್ದೆಗಣ್ಣಲ್ಲೇ ಕಾಫಿ ಕುಡೀತಾ ನಾಟಕದ ಬಗ್ಗೆ ಜಗಳ ಆಡ್ತಿದ್ರು. ಟೆಸ್ಟಿನ ಮಾರ್ಕ್ಸ್ ಮರೆತುಹೋಗಿದೆ. ಆ ಜಗಳ ನೆನಪಿದೆ.

ಅಪ್ಪ ತೀರಿಕೊಂಡು ಎರಡು ವರ್ಷ. ಆಮೇಲೆ ಅಮ್ಮ ಒಂದು ನಾಟಕಕ್ಕೂ ಹೋಗಿಲ್ಲ ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು. "ಒಬ್ಬಳೇ ಹೋಗೋದು ಏನೋ ಒಂಥರಾ ಕಣೋ. ರಾತ್ರಿ ಆಟೋ ಬೇರೆ ಸಿಗಲ್ಲ" ಅಂದಳು. ಅಂದ್ರೆ ಇಷ್ಟು ದಿನ ಆ ಮೆಸೇಜು ನನ್ನನ್ನ ಕರೆಯೋಕಲ್ಲ, ತನ್ನ ಜೊತೆಗೆ ಯಾರಾದ್ರೂ ಬೇಕು ಅಂತ ಹೇಳೋಕೆ.

ಆ ಶನಿವಾರ ಆನ್‌ಕಾಲ್ ಡ್ಯೂಟಿಯನ್ನ ಗೆಳೆಯನಿಗೆ ಒಪ್ಪಿಸಿ ಮೈಸೂರಿನ ಟ್ರೇನ್ ಹತ್ತಿದೆ.

ನಾಟಕಕ್ಕೆ ಇನ್ನೂ ಟೈಮ್ ಇತ್ತು, ಗ್ಯಾಲರಿಗೆ ಹೋದೆವು. ದೇವರಾಜ ಮಾರುಕಟ್ಟೆಯ ಒಂದು ಜಲವರ್ಣ ಚಿತ್ರದ ಮುಂದೆ ಅಮ್ಮ ಹತ್ತು ನಿಮಿಷ ನಿಂತಳು. "ಚೆನ್ನಾಗಿದೆ. ಆದ್ರೆ ಬರೆದವನಿಗೆ ರಸಬಾಳೆ ಗೊತ್ತಿಲ್ಲ."

ಹೊರಗೆ ಟೀ ಕುಡೀತಾ ಇದ್ದಾಗ ವಯಸ್ಸಾದವರೊಬ್ಬರು ಹತ್ತಿರ ಬಂದರು. "ಏನಮ್ಮ, ಎಲ್ಲಿ ಹೋಗಿಬಿಟ್ರಿ? ಯಜಮಾನ್ರು ಬಂದಿಲ್ವಾ?"

"ಹೋಗಿಬಿಟ್ರು" ಅಂದಳು ಅಮ್ಮ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕೇ ಕಾಣ್ತಿರಲಿಲ್ಲ. ಇಂಟರ್ವೆಲ್‌ನಲ್ಲಿ ಅವರ ಹತ್ರ ವಾದ ಮಾಡದೆ ನಾಟಕ ಅರ್ಧ ನೋಡಿದ ಹಾಗೆ ಅನ್ಸುತ್ತೆ" ಅಂದರು.

ಅವರು ಹೋದ ಮೇಲೆ ಕೇಳಿದೆ, "ಯಾರಮ್ಮ ಅವರು?"

"ಹೆಸರು ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಬರ್ತಾರೆ."

ಬೆಂಗಳೂರಿನ ನನ್ನ ಅಪಾರ್ಟ್‌ಮೆಂಟಲ್ಲಿ ಜಿಮ್ ಇದೆ, ಕ್ಲಬ್‌ಹೌಸ್ ಇದೆ, ಎಲ್ಲದಕ್ಕೂ ಆ್ಯಪ್ ಇದೆ. ಒಂದು ತಿಂಗಳು ನಾನು ಕಾಣದಿದ್ರೆ ಕೇಳೋದು ಮೇಂಟೆನೆನ್ಸ್ ಬಿಲ್ ಮಾತ್ರ. ಊರಿಗೊಂದು ಕಲಾಮಂದಿರ ಯಾಕೆ ಬೇಕು ಅಂದ್ರೆ ಕಲೆ, ಸಂಸ್ಕೃತಿ ಅಂತ ಭಾಷಣ ಮಾಡಬಹುದು. ನನಗೆ ಅರ್ಥವಾಗಿದ್ದು ಇಷ್ಟೇ: ಹೆಸರು ಗೊತ್ತಿಲ್ಲದವರೂ ‘ಯಾಕೆ ಬಂದಿಲ್ಲ’ ಅಂತ ಕೇಳೋ ಜಾಗ ಅದು. ಆದ್ರೆ ಹಾಗೆ ಕೇಳಬೇಕಾದ್ರೆ ಮೊದಲು ನಾವು ನಾಲ್ಕು ಸಲ ಹೋಗಿರಬೇಕು.

ಈಗ ಆಫೀಸ್ ಕ್ಯಾಲೆಂಡರಲ್ಲಿ ತಿಂಗಳಿಗೊಂದು ಶನಿವಾರ ‘ಭೂಮಿಗೀತ’ ಅಂತ ಬ್ಲಾಕ್ ಮಾಡಿದ್ದೀನಿ. ಮ್ಯಾನೇಜರ್ ಕೇಳಿದ್ರು, "ಯಾವ ಪ್ರಾಜೆಕ್ಟ್ ಇದು?"

ನಿಮ್ಮ ಮನೆಯಿಂದಲೂ ಅಂಥ ಮೆಸೇಜು ಬಂದಿದ್ರೆ ಇನ್ನೊಂದು ಸಲ ಓದಿ ನೋಡಿ.

ನಿನ್ನೆ ಅಮ್ಮ ಪ್ರಶ್ನೆ ಕೇಳಲಿಲ್ಲ. "ಎರಡು ಟಿಕೆಟ್ ತಗೊಂಡಿದ್ದೀನಿ" ಅಂತಷ್ಟೇ ಕಳಿಸಿದಳು.